ಚೀನದ ಚಿತ್ರಕಾರ ಶೂ ಬೇಹೊಂಗ್

ಪರರ ವಿದ್ಯೆ ನಮಗೆ ಬೇಡವೆಂದು ಬಾಗಿಲು ಮುಚ್ಚಿಕೊಳ್ಳುವವರು ಒಂದು ಬಗೆಯವರು. ಅದನ್ನು ಕಲಿತು ತಮ್ಮ ಮನೆಯ ದಾರಿಯನ್ನೇ ಮರೆಯುವವರು ಇನ್ನೊಂದು ಬಗೆಯವರು. ಇವೆರಡರ ನಡುವೆ ಮೂರನೆಯ ಹಾದಿಯೊಂದುಂಟು. ಇಂಗ್ಲಿಷಿನಲ್ಲಿ ಪಾಠ ಕೇಳಿ ಕನ್ನಡದಲ್ಲಿ ಆಲೋಚಿಸಬೇಕಾದ ನಮ್ಮಂತಹ ವಿದ್ಯಾರ್ಥಿಗಳಿಗೆ ಆ ಹಾದಿಯ ಕಷ್ಟ ತಿಳಿಯದ ಸಂಗತಿಯಲ್ಲ. ಚಿತ್ರಕಲೆಯಲ್ಲಿ ಆ ಹಾದಿಯನ್ನು ಹಿಡಿದು, ಹಸಿವು, ರೋಗ, ಯುದ್ಧಗಳ ನಡುವೆ ಕಡೆಯವರೆಗೂ ನಡೆದ ಚೀನೀಯನೊಬ್ಬನ ಜೀವನವನ್ನು ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಆತನ ಹೆಸರು ಶೂ ಬೇಹೊಂಗ್. ಹೆಸರನ್ನು ಅರಿಯದವರೂ ಆತನ ಕುದುರೆಗಳನ್ನು ಎಲ್ಲಿಯಾದರೂ ಕಂಡಿರಬಹುದು. ಬಿಳಿಯ ಕಾಗದ, ಕಪ್ಪು ಮಸಿ, ಗಾಳಿಗೆ ಹಾರುವ ಕೇಸರ, ತಡಿಯಿಲ್ಲ, ಕಡಿವಾಣವಿಲ್ಲ. ಕುಂಚದ ಕೆಲವೇ ಬೀಸುಗಳಲ್ಲಿ ಎದ್ದು ನಿಂತ ಆ ಕುದುರೆ ಮೇಲುನೋಟಕ್ಕೆ ಅಪ್ಪಟ ಚೀನೀ ಚಿತ್ರ. ಆದರೆ ಅದರ ಮೊಣಕಾಲಿನ ಗಂಟು, ಎದೆಯ ಸ್ನಾಯು, ಮುನ್ನುಗ್ಗುವ ದೇಹದ ಭಾರ ಇವೆಲ್ಲ ಎಲ್ಲಿರಬೇಕೋ ಅಲ್ಲಿಯೇ ಇವೆ. ಆ ಖಚಿತತೆಯನ್ನು ಆತನು ಯೂರೋಪಿನಲ್ಲಿ ಸಂಪಾದಿಸಿದನು. ಅದಕ್ಕೆ ಆತನು ತೆತ್ತ ಬೆಲೆ ಅಲ್ಪವಲ್ಲ.

ಚೀನದ ಜ್ಯಾಂಗ್‌ಸು ಪ್ರಾಂತದಲ್ಲಿ, ಮಣ್ಣಿನ ಚಹಾಪಾತ್ರೆಗಳಿಗೆ ಹೆಸರಾದ ಯಿಷಿಂಗ್ ಎಂಬ ಸೀಮೆಯ ಒಂದು ಹಳ್ಳಿಯಲ್ಲಿ ೧೮೯೫ನೆಯ ಇಸವಿ ಜುಲೈ ೧೯ರಂದು ಆತನ ಜನನವಾಯಿತು. ತಂದೆ ಶೂ ದಾಜಾಂಗ್ ಗುರುವಿಲ್ಲದೆ ಚಿತ್ರಕಲೆಯನ್ನು ಕಲಿತವನು; ಮಕ್ಕಳಿಗೆ ಪಾಠ ಹೇಳಿ, ಚಿತ್ರ ಬರೆದು, ಮುದ್ರೆ ಕೆತ್ತಿ ಸಂಸಾರವನ್ನು ಸಾಗಿಸುತ್ತಿದ್ದನು. ಹುಡುಗನಿಗೆ ಇಟ್ಟ ಹೆಸರು ಶೌಕಾಂಗ್. ಆಯುರಾರೋಗ್ಯ ಎಂದು ಅದರ ಅರ್ಥ. ಒಂಬತ್ತನೆಯ ವಯಸ್ಸಿನಿಂದ ತಂದೆಯ ಬಳಿ ಕ್ರಮವಾಗಿ ಚಿತ್ರಾಭ್ಯಾಸ ನಡೆಯಿತು. ಶಾಂಘೈಯ ಚಿತ್ರಕಾರ ವೂ ಯೌರುವಿನ ಅಚ್ಚಿನ ಚಿತ್ರಗಳನ್ನು ನೋಡಿ ಬರೆಯುವುದು ದಿನದ ಪಾಠ. ಹುಡುಗನಿಗೆ ಇನ್ನೊಬ್ಬ ಗುಪ್ತ ಗುರುವೂ ಇದ್ದನು. ಪರದೇಶದ ಸಿಗರೇಟು ಪೊಟ್ಟಣಗಳೊಳಗೆ ಬರುತ್ತಿದ್ದ ಪುಟ್ಟ ಕಾಗದಗಳಲ್ಲಿ ಪ್ರಾಣಿಗಳ ಚಿತ್ರಗಳಿರುತ್ತಿದ್ದುವು. ಅವನ್ನು ಕೂಡಿಟ್ಟು, ನೋಡಿ ನೋಡಿ ಬರೆಯುತ್ತಿದ್ದನು. ಪಾಶ್ಚಾತ್ಯ ರೀತಿಯ ಚಿತ್ರಣದ ಮೊದಲ ಪಾಠ ಈ ಹಳ್ಳಿಯ ಹುಡುಗನಿಗೆ ದೊರೆತದ್ದು ಹೀಗೆ.

ಹದಿಮೂರನೆಯ ವಯಸ್ಸಿನ ವೇಳೆಗೆ ಊರಿನ ಕಡೆ ನೆರೆ ಬಂದು ಬೆಳೆ ಹಾಳಾಯಿತು. ತಂದೆಮಕ್ಕಳಿಬ್ಬರೂ ಹೊಟ್ಟೆಪಾಡಿಗಾಗಿ ಊರೂರು ತಿರುಗಿ, ಕೇಳಿದವರಿಗೆ ಭಾವಚಿತ್ರ ಬರೆದುಕೊಡುತ್ತ ಅಲೆದರು. ತಂದೆ ಕಾಯಿಲೆಬಿದ್ದು ಊರಿಗೆ ಮರಳಿ ೧೯೧೪ರಲ್ಲಿ ತೀರಿಕೊಂಡನು. ಶವಸಂಸ್ಕಾರಕ್ಕೂ ಸಾಲ ಮಾಡಬೇಕಾಯಿತು. ತಾಯಿ, ತಮ್ಮಂದಿರು, ತಂಗಿಯರ ಭಾರವೆಲ್ಲ ಹತ್ತೊಂಬತ್ತರ ತರುಣನ ಹೆಗಲಿಗೆ ಬಿತ್ತು. ಮೂರು ಶಾಲೆಗಳಲ್ಲಿ ಚಿತ್ರಕಲೆಯ ಉಪಾಧ್ಯಾಯನಾಗಿ, ಒಂದರಿಂದ ಇನ್ನೊಂದಕ್ಕೆ ಕಾಲುನಡಿಗೆಯಲ್ಲಿಯೇ ಹೋಗಿ ಬರುತ್ತಿದ್ದನು. ಬಡತನವೂ ಅದರಿಂದಾದ ಅವಮಾನಗಳೂ ಮನಸ್ಸನ್ನು ಸುಟ್ಟಾಗ ತನ್ನ ಹೆಸರನ್ನು ತಾನೇ ಬದಲಾಯಿಸಿಕೊಂಡನು. ಬೇಹೊಂಗ್ ಎಂದರೆ ದುಃಖಿಸುವ ಕಾಡುಹಂಸ.

೧೯೧೫ರಲ್ಲಿ ಆತನು ಶಾಂಘೈ ನಗರಕ್ಕೆ ಬಂದನು. ಕೆಲಸ ಕೊಡಬೇಕಾಗಿದ್ದವರು ಆತನ ಎಳೆಯ ಮುಖವನ್ನು ಕಂಡು ಹಿಂದೆಗೆದರು. ಒಂದು ಪ್ರಕಾಶನ ಸಂಸ್ಥೆಗೆ ಪಠ್ಯಪುಸ್ತಕದ ಚಿತ್ರಗಳನ್ನು ಬರೆದುಕೊಡುವ ಮಾತಾಗಿ ಅದೂ ಕಡೆಗೆ ತಪ್ಪಿಹೋಯಿತು. ಛತ್ರದ ಬಾಡಿಗೆಗೆ ಹಣವಿಲ್ಲ, ಮೈಮೇಲೆ ಬೆಚ್ಚನೆಯ ಬಟ್ಟೆಯಿಲ್ಲ. ಹ್ವಾಂಗ್‌ಪು ನದಿಯ ದಡದಲ್ಲಿ ನಿಂತು ಪ್ರಾಣ ಬಿಡುವ ಯೋಚನೆಯನ್ನೂ ಮಾಡಿದನು. ಆ ಗಳಿಗೆಯಲ್ಲಿ ಕೈಹಿಡಿದವನು ಹ್ವಾಂಗ್ ಎಂಬ ಮನೆತನದ ಹೆಸರಿನ ಒಬ್ಬ ಪರಿಚಿತ. ಅದೇ ಮನೆತನದ ಹೆಸರಿನ ಮತ್ತೊಬ್ಬನೂ ನೆರವಾದನು. ೧೯೧೬ರಲ್ಲಿ ಫ್ರೆಂಚ್ ಕಲಿಯಲು ಅರೋರಾ ವಿಶ್ವವಿದ್ಯಾಲಯಕ್ಕೆ ಸೇರುವಾಗ ಆತನು ಹ್ವಾಂಗ್ ಫೂ ಎಂಬ ಹೆಸರನ್ನು ಬರೆಸಿದನು. ಉಪಕಾರಿಗಳ ಮನೆತನದ ಹೆಸರನ್ನು ತನ್ನದಾಗಿ ಮಾಡಿಕೊಂಡದ್ದು ಆತನ ಕೃತಜ್ಞತೆಯ ರೀತಿ. ಪ್ರವೇಶ ದೊರೆತರೂ ಹಸಿವು ಬಿಡಲಿಲ್ಲ. ಅಂಗಡಿಯೊಂದಕ್ಕೆ ನಾಲ್ಕು ಚಿತ್ರಗಳನ್ನು ಬರೆಯುತ್ತಿದ್ದಾಗ ಕೈಯಲ್ಲಿದ್ದ ಚಿಲ್ಲರೆ ಕಾಸು ಮುಗಿಯಬಾರದೆಂದು ದಿನಕ್ಕೆ ಒಂದು ಅನ್ನದುಂಡೆಯನ್ನು ತಿಂದು ಕೆಲಸ ಮುಗಿಸಿದನು.

ಅಲ್ಲಿಂದ ಮುಂದೆ ಭಾಗ್ಯದ ಬಾಗಿಲು ಮೆಲ್ಲನೆ ತೆರೆಯಿತು. ಚೀನೀ ಲಿಪಿಯನ್ನು ಸೃಷ್ಟಿಸಿದನೆಂದು ಪುರಾಣಗಳು ಹೇಳುವ ನಾಲ್ಕು ಕಣ್ಣಿನ ತ್ಸಾಂಗ್‌ಜಿಯ ಚಿತ್ರವನ್ನು ಬರೆದು ಮೆಚ್ಚುಗೆ ಪಡೆದನು. ಅದರಿಂದ ಆ ಕಾಲದ ದೊಡ್ಡ ವಿದ್ವಾಂಸನಾದ ಕಾಂಗ್ ಯೌವೇಯ ಪರಿಚಯವಾಗಿ, ಆತನ ಸಂಗ್ರಹದಲ್ಲಿದ್ದ ಪ್ರಾಚೀನ ಶಿಲಾಶಾಸನಗಳ ಅಚ್ಚುಗಳನ್ನು ನೋಡುವ ಅವಕಾಶ ಸಿಕ್ಕಿತು. ೧೯೧೭ರಲ್ಲಿ ಜ್ಯಾಂಗ್ ಬೀವೇ ಎಂಬ ತರುಣಿಯೊಡನೆ, ಆಕೆಯ ಮನೆಯವರಿಗೆ ತಿಳಿಯದಂತೆ, ಜಪಾನಿಗೆ ಹೊರಟುಹೋದನು. ಮರಳಿದ ಮೇಲೆ ಪೀಕಿಂಗ್ ವಿಶ್ವವಿದ್ಯಾಲಯದ ಕುಲಪತಿ ತ್ಸೈ ಯುವಾನ್‌ಪೇ ಆತನಿಗೆ ಅಲ್ಲಿನ ಚಿತ್ರಕಲಾ ಸಂಘದಲ್ಲಿ ಕೆಲಸ ಕೊಟ್ಟನು. ೧೯೧೮ರಲ್ಲಿ ಅಲ್ಲಿ ಚೀನೀ ಚಿತ್ರಕಲೆಯ ಸುಧಾರಣೆಯನ್ನು ಕುರಿತು ಉಪನ್ಯಾಸ ಮಾಡಿದಾಗ ಆತನ ವಯಸ್ಸು ಇಪ್ಪತ್ತಮೂರು ತುಂಬಿರಲಿಲ್ಲ. ಹಳೆಯದರಲ್ಲಿ ಒಳ್ಳೆಯದನ್ನು ಕಾಯ್ದುಕೊಳ್ಳಬೇಕು, ನಶಿಸುತ್ತಿರುವುದನ್ನು ಎತ್ತಿ ಹಿಡಿಯಬೇಕು, ಕೆಟ್ಟದ್ದನ್ನು ತಿದ್ದಬೇಕು, ಸಾಲದ್ದನ್ನು ತುಂಬಬೇಕು, ಪಶ್ಚಿಮದಲ್ಲಿ ಸ್ವೀಕಾರಯೋಗ್ಯವಾದುದನ್ನು ಬೆರೆಸಿಕೊಳ್ಳಬೇಕು ಎಂಬುದು ಆತನ ಮತವಾಗಿತ್ತು. ಪೂರ್ವಿಕರ ಚಿತ್ರಗಳನ್ನೇ ನೋಡಿ ನಕಲು ಮಾಡುತ್ತ ಚೀನೀ ಕಲೆ ಪ್ರಕೃತಿಯಿಂದ ದೂರ ಸರಿದಿದೆಯೆಂಬುದೇ ಆತನ ದೂರು. ಆ ಮಾತನ್ನು ಮಾಡಿ ತೋರಿಸಲು ಆತನು ಮೂವತ್ತೈದು ವರ್ಷ ದುಡಿದನು.

೧೯೧೯ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದಿಂದ ಪ್ಯಾರಿಸಿಗೆ ಹೊರಟನು. ಅಲ್ಲಿನ ರಾಷ್ಟ್ರೀಯ ಲಲಿತಕಲಾ ಶಾಲೆಯಲ್ಲಿ ಫ್ಲಮೆಂಗ್ ಎಂಬ ಚಿತ್ರಕಾರನ ಬಳಿ ಅಭ್ಯಾಸ ಮಾಡಿದನು. ವೃದ್ಧ ಚಿತ್ರಕಾರ ದಾನ್ಯಾಂ ಬುವ್ರೇ ತನ್ನ ಮನೆಯ ಚಿತ್ರಶಾಲೆಯ ಬಾಗಿಲನ್ನು ಈ ಚೀನೀ ಶಿಷ್ಯನಿಗೆ ತೆರೆದು, ಕೀರ್ತಿಯ ಬೆನ್ನು ಹತ್ತದೆ ದೃಢವಾಗಿ ಅಭ್ಯಾಸ ಮಾಡುವಂತೆ ಬೋಧಿಸಿದನು. ಫ್ರೆಂಚರ ನಡುವೆ ಆತನು ತನ್ನ ಹೆಸರನ್ನು ಜು ಪೆಯೋಂ ಎಂದು ಬರೆಯುತ್ತಿದ್ದನು. ಶಾಲೆ ಮುಗಿದರೆ ಲೂವ್ರ್ ವಸ್ತುಸಂಗ್ರಹಾಲಯ. ರೊಟ್ಟಿಯ ತುಂಡು, ತಣ್ಣೀರು ಇವೇ ಊಟವಾಗಿ ಇಡೀ ದಿನ ಹಿರಿಯರ ಕೃತಿಗಳ ಮುಂದೆ ನಿಂತು ನಕಲು ತೆಗೆಯುವುದು. ಆಗ ಹತ್ತಿದ ಹೊಟ್ಟೆಯ ಬೇನೆ ಸಾಯುವವರೆಗೂ ಬಿಡಲಿಲ್ಲ. ಚೀನದ ಒಳಜಗಳದಿಂದ ವಿದ್ಯಾರ್ಥಿವೇತನ ನಿಂತಾಗ, ಜೀವನ ಅಗ್ಗವಾಗಿದ್ದ ಬರ್ಲಿನ್ ನಗರಕ್ಕೆ ೧೯೨೧ರಲ್ಲಿ ಹೋದನು. ಅಲ್ಲಿನ ಮೃಗಾಲಯದಲ್ಲಿ ಸಿಂಹಗಳ ಬೋನಿನ ಮುಂದೆ ಗಂಟೆಗಟ್ಟಲೆ ನಿಂತು ರೇಖೆಗಳನ್ನು ಬರೆದನು. ಕುದುರೆಯ ಎಲುಬು, ಕೀಲು, ಸ್ನಾಯುಗಳನ್ನು ಬೇರೆ ಬೇರೆಯಾಗಿ ಅಭ್ಯಾಸ ಮಾಡಿ ಬರೆದ ರೇಖಾಚಿತ್ರಗಳ ಸಂಖ್ಯೆಯಂತೂ ಬಹಳ ದೊಡ್ಡದು. ೧೯೨೭ರಲ್ಲಿ ಆತನು ಸ್ವದೇಶಕ್ಕೆ ಮರಳಿದನು.

ಇಲ್ಲಿ ನಮ್ಮ ಮನಸ್ಸು ರಾಜಾ ರವಿವರ್ಮನ ಕಡೆಗೆ ಹರಿಯುವುದು ಸಹಜ. ತೈಲವರ್ಣದಲ್ಲಿ ನಮ್ಮ ಪುರಾಣದ ದೃಶ್ಯಗಳನ್ನು ಚಿತ್ರಿಸಿದ ಆ ಕಲಾವಿದನ ಪಟಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಶೂ ಬೇಹೊಂಗ್ ಸಹ ನಾನ್‌ಜಿಂಗಿನ ಕೇಂದ್ರ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ ಮೇಲೆ ಅಂತಹ ಕೆಲಸಕ್ಕೆ ಕೈಹಾಕಿದನು. ೧೯೨೮ರಿಂದ ೧೯೩೦ರವರೆಗೆ ಬರೆದ ತ್ಯಾನ್ ಹೆಂಗ್ ಮತ್ತು ಆತನ ಐನೂರು ಮಂದಿ ವೀರರು ಎಂಬ ತೈಲಚಿತ್ರ ಸುಮಾರು ಮೂರೂವರೆ ಮೀಟರು ಅಗಲ, ಎರಡು ಮೀಟರು ಎತ್ತರದ ಪಟ. ಕಥೆ ಪ್ರಾಚೀನ ಇತಿಹಾಸದ್ದು. ಹಾನ್ ವಂಶದ ಮೊದಲ ಚಕ್ರವರ್ತಿಗೆ ಶರಣಾಗಲು ಒಲ್ಲದ ತ್ಯಾನ್ ಹೆಂಗ್ ಐನೂರು ಮಂದಿ ಅನುಚರರೊಡನೆ ಒಂದು ದ್ವೀಪದಲ್ಲಿದ್ದನು. ಚಕ್ರವರ್ತಿಯ ಕರೆ ಬಂದಾಗ, ಹೋಗದಿದ್ದರೆ ಎಲ್ಲರಿಗೂ ಕೇಡೆಂದು ತಿಳಿದು ಇಬ್ಬರೊಡನೆ ಹೊರಟು, ರಾಜಧಾನಿಯನ್ನು ಮುಟ್ಟುವ ಮೊದಲೇ ಪ್ರಾಣ ಬಿಟ್ಟನು. ಸುದ್ದಿ ಕೇಳಿ ಐನೂರು ಮಂದಿಯೂ ಅದೇ ದಾರಿಯನ್ನು ಹಿಡಿದರು. ಚಿತ್ರಕಾರನು ಆರಿಸಿಕೊಂಡದ್ದು ಸಾವಿನ ಗಳಿಗೆಯನ್ನಲ್ಲ, ಬೀಳ್ಕೊಡುಗೆಯ ಗಳಿಗೆಯನ್ನು. ಕೆಂಪು ನಿಲುವಂಗಿಯ ನಾಯಕ ಕೈಮುಗಿದು ನಿಂತಿದ್ದಾನೆ. ಎದುರಿಗೆ ಜನ ಕಿಕ್ಕಿರಿದಿದ್ದಾರೆ. ಅವರ ನಡುವೆ ಹಳದಿ ಅಂಗಿ ತೊಟ್ಟ ಒಬ್ಬನ ಮುಖ ಚಿತ್ರಕಾರನದೇ ಮುಖ. ಜಪಾನು ೧೯೩೧ರಲ್ಲಿ ಮಂಚೂರಿಯವನ್ನು ನುಂಗಿದಾಗ ಆತನ ಮುಂದೆ ಇನ್ನೊಂದು ದೊಡ್ಡ ಪಟವಿತ್ತು. ಕ್ರೂರ ದೊರೆಯ ಆಳಿಕೆಯಲ್ಲಿ ಬೆಂದ ಜನರು ಬಿರುಕುಬಿಟ್ಟ ನೆಲದ ಮೇಲೆ ನಿಂತು, ತಮ್ಮನ್ನು ಬಿಡಿಸುವವನು ಬರುವನೆಂದು ದಿಗಂತವನ್ನು ನೋಡುವ ಆ ಚಿತ್ರ ೧೯೩೩ರಲ್ಲಿ ಮುಗಿಯಿತು. ಇದು ಹಳೆಯ ಕಥೆಯೋ, ಇಂದಿನದೋ ಎಂದು ನೋಡಿದವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಆತನ ಸ್ವಭಾವ ಎಲ್ಲರಿಗೂ ಹಿತವಾಗಿರಲಿಲ್ಲ. ೧೯೨೯ರಲ್ಲಿ ಶಾಂಘೈಯಲ್ಲಿ ಮೊದಲ ರಾಷ್ಟ್ರೀಯ ಕಲಾಪ್ರದರ್ಶನ ನಡೆದಾಗ ಸೆಜಾನ್, ಮತೀಸ್ ಮುಂತಾದ ಹೊಸ ಪಂಥದವರನ್ನು ಕಟುವಾಗಿ ಹಳಿದು ಬರೆದನು. ಕವಿ ಶೂ ಜಿಮೋ ಅವರ ಪರವಾಗಿ ನಿಂತು ವಾದಿಸಿದನು. ಇಂದು ಓದಿದರೆ ಕವಿಯ ಮನಸ್ಸೇ ಹೆಚ್ಚು ವಿಶಾಲವಾಗಿ ತೋರುತ್ತದೆ. ಆದರೆ ಗುಣವನ್ನು ಕಂಡಲ್ಲಿ ಆತನು ಕುಲ, ಪದವಿಗಳನ್ನು ನೋಡುತ್ತಿರಲಿಲ್ಲ. ಬಡಗಿಯಾಗಿದ್ದು ಚಿತ್ರಕಾರನಾದ, ಅರುವತ್ತು ದಾಟಿದ ಚೀ ಬೈಷಿಯನ್ನು ಬೀಪಿಂಗಿನ ಕಲಾಶಾಲೆಯ ಪ್ರಾಧ್ಯಾಪಕನಾಗಿ ಕರೆತರಲು ಮತ್ತೆ ಮತ್ತೆ ಆತನ ಮನೆಗೆ ಹೋಗಿ ಒಪ್ಪಿಸಿದನು. ಸಂಪ್ರದಾಯಸ್ಥರ ವಿರೋಧದಿಂದ ತಾನೇ ಆ ಶಾಲೆಯನ್ನು ಬಿಡಬೇಕಾಗಿ ಬಂದರೂ ಅವರಿಬ್ಬರ ಸ್ನೇಹ ಅಳಿಯಲಿಲ್ಲ. ೧೯೩೧ರಲ್ಲಿ ಆತನು ಬರೆದ ಒಂದು ಚಿತ್ರದಲ್ಲಿ ಕುದುರೆಗಳ ಗುಣವನ್ನು ಬಲ್ಲ ಜ್ಯೂಫಾಂಗ್ ಗಾವ್ ಎಂಬ ಪುರಾತನ ಪರೀಕ್ಷಕನ ಎದುರಿಗಿರುವ ಕುದುರೆಗೆ ಮಾತ್ರ ಲಗಾಮಿದೆ. ತನ್ನನ್ನು ಅರಿತವನಿಗೆ ಮಾತ್ರ ಅದು ಒಲಿದು ತಲೆಬಾಗಿದೆಯೆಂಬುದು ಆತನ ಭಾವ. ನದೀತೀರದಲ್ಲಿ ಯಾರೂ ಅರಿಯದೆ ನಿಂತಿದ್ದ ತರುಣನಿಗೆ ಅರಿಯುವವನ ಬೆಲೆ ಗೊತ್ತಿರದೆ ಇರುತ್ತದೆಯೆ?

೧೯೩೭ರಲ್ಲಿ ಜಪಾನಿನೊಡನೆ ಯುದ್ಧ ಹತ್ತಿಕೊಂಡಿತು. ವಿಶ್ವವಿದ್ಯಾಲಯ ಒಳನಾಡಿನ ಚುಂಗ್‌ಕಿಂಗಿಗೆ ಓಡಿತು. ಬಂದೂಕು ಹಿಡಿಯಲಾರದ ಈ ರೋಗಿಷ್ಠನು ಕುಂಚದಿಂದಲೇ ಹೋರಾಡಲು ಹೊರಟನು. ೧೯೩೯ರಲ್ಲಿ ಸಿಂಗಪುರದಲ್ಲಿ ಚಿತ್ರಪ್ರದರ್ಶನ ನಡೆಸಿ, ಬಂದ ಹಣವನ್ನು ಯುದ್ಧದಲ್ಲಿ ನೊಂದವರಿಗಾಗಿ ಕಳುಹಿಸಿದನು. ಅಲ್ಲಿ ಆತನು ಬರೆದ ಬೀದಿನಾಟಕದ ದೃಶ್ಯವೊಂದು ೨೦೦೭ರಲ್ಲಿ ಹಾಂಕಾಂಗಿನ ಹರಾಜಿನಲ್ಲಿ ಏಳು ಕೋಟಿ ಇಪ್ಪತ್ತು ಲಕ್ಷ ಹಾಂಕಾಂಗ್ ಡಾಲರುಗಳಿಗೆ ಮಾರಾಟವಾಯಿತು. ದಿನಕ್ಕೊಂದು ಅನ್ನದುಂಡೆಯಿಂದ ಬದುಕಿದವನ ಚಿತ್ರವಿದು.

ಸಿಂಗಪುರದಿಂದ ಆತನು ನಮ್ಮ ದೇಶಕ್ಕೆ ಬಂದನು. ೧೯೨೪ರಲ್ಲಿ ಚೀನಕ್ಕೆ ಹೋಗಿ ಬಂದಿದ್ದ ರವೀಂದ್ರನಾಥ ಠಾಕೂರರು ಶಾಂತಿನಿಕೇತನದಲ್ಲಿ ೧೯೩೭ರಲ್ಲಿ ಚೀನಾಭವನವನ್ನು ತೆರೆದಿದ್ದರು. ಅವರ ಆಹ್ವಾನದ ಮೇಲೆ ೧೯೩೯ರ ಕೊನೆಯಲ್ಲಿ ಶೂ ಬೇಹೊಂಗ್ ಅಲ್ಲಿಗೆ ತಲುಪಿದನು. ಕಲಾಭವನದ ಮುಖ್ಯಸ್ಥರು ನಂದಲಾಲ ಬೋಸರು, ನಮ್ಮ ಕೆ. ವೆಂಕಟಪ್ಪನವರೊಡನೆ ಕಲ್ಕತ್ತೆಯಲ್ಲಿ ಅವನೀಂದ್ರನಾಥರ ಶಿಷ್ಯರಾಗಿದ್ದವರು. ಪಾಶ್ಚಾತ್ಯ ತೈಲಚಿತ್ರದ ಅನುಕರಣ ಸಾಕೆಂದು ಅಜಂತೆಯ ಕಡೆಗೂ, ಚೀನ ಜಪಾನುಗಳ ಕಡೆಗೂ ಮುಖ ತಿರುಗಿಸಿದ ಪಂಥ ಅವರದು. ಚೀನದಿಂದ ಬಂದ ಅತಿಥಿಯಾದರೋ ಪ್ಯಾರಿಸಿನ ವಿದ್ಯೆಯನ್ನು ಹೊತ್ತು ಬಂದಿದ್ದನು. ಒಂದು ಬಗೆಯಲ್ಲಿ ಇಬ್ಬರೂ ಪರಸ್ಪರ ಎದುರು ದಿಕ್ಕಿಗೆ ನಡೆಯುತ್ತಿದ್ದವರು. ಆದರೂ ಅವರಲ್ಲಿ ವಿರಸ ಬರಲಿಲ್ಲ, ಗೆಳೆತನ ಬೆಳೆಯಿತು. ತಮ್ಮ ಚಿತ್ರಗಳಲ್ಲಿ ಉತ್ತಮವಾದವನ್ನು ಆರಿಸುವ ಕೆಲಸವನ್ನು ರವೀಂದ್ರರು ಈ ಅತಿಥಿಗೆ ಒಪ್ಪಿಸಿದರು. ಆತನು ರವೀಂದ್ರರ ಹಲವು ಭಾವಚಿತ್ರಗಳನ್ನು ಬರೆದನು. ೧೯೪೦ರ ಫೆಬ್ರವರಿಯಲ್ಲಿ ಗಾಂಧೀಜಿಯವರು ಶಾಂತಿನಿಕೇತನಕ್ಕೆ ಬಂದಾಗ ಅವರನ್ನು ಕಂಡು ಕ್ಷಣಗಳಲ್ಲಿ ಒಂದು ರೇಖಾಚಿತ್ರವನ್ನು ತೆಗೆದುಕೊಂಡನು.

ಆತನ ಬಹುದಿನದ ಬಯಕೆಯೊಂದು ನೆರವೇರಿದ್ದು ನಮ್ಮ ನೆಲದಲ್ಲಿಯೇ. ಚೀನದಲ್ಲಿ ಮಕ್ಕಳಿಗೂ ತಿಳಿದ ಕಥೆಯೊಂದಿದೆ. ತೊಂಬತ್ತು ವರ್ಷದ ಯೂಗೊಂಗ್ ಎಂಬ ಹುಚ್ಚುಮುದುಕನು ತನ್ನ ಮನೆಯ ದಾರಿಗೆ ಅಡ್ಡವಾದ ಎರಡು ಬೆಟ್ಟಗಳನ್ನು ಅಗೆದು ಹಾಕಲು ತೊಡಗಿದನು. ಜಾಣನೊಬ್ಬನು ನಕ್ಕನು. ತಾನು ಸತ್ತರೆ ಮಕ್ಕಳು, ಅವರ ಬಳಿಕ ಮೊಮ್ಮಕ್ಕಳು ಅಗೆಯುವರು, ಬೆಟ್ಟವಂತೂ ಇನ್ನು ಬೆಳೆಯದು ಎಂಬುದು ಮುದುಕನ ಲೆಕ್ಕ. ಆ ವರ್ಷಗಳಲ್ಲಿ ಚೀನದ ಕರಾವಳಿಯೆಲ್ಲ ಶತ್ರುವಿನ ವಶವಾಗಿತ್ತು. ಕುನ್ಮಿಂಗಿನಿಂದ ಬರ್ಮಾದ ಲಾಶಿಯೋವರೆಗೆ ಬೆಟ್ಟಗಳನ್ನು ಕಡಿದು ದಾರಿ ಮಾಡುವ ಕೆಲಸವನ್ನು ಹಳ್ಳಿಯ ಜನರು ಗುದ್ದಲಿ ಬುಟ್ಟಿಗಳಿಂದ ಮಾಡಿ ೧೯೩೮ರಲ್ಲಷ್ಟೇ ಮುಗಿಸಿದ್ದರು. ಶೂ ಬೇಹೊಂಗನು ಶಾಂತಿನಿಕೇತನದಲ್ಲಿ ಭಾರತೀಯರನ್ನೇ ಎದುರಿಗೆ ನಿಲ್ಲಿಸಿಕೊಂಡು ಅಭ್ಯಾಸಚಿತ್ರಗಳನ್ನು ಬರೆದನು. ಡಾರ್ಜಿಲಿಂಗಿನ ತಂಪಿನಲ್ಲಿ, ಹಿಮಾಲಯದ ಎದುರಿನಲ್ಲಿ, ಚಿತ್ರದ ಕೆಲಸ ಮುಂದುವರಿಯಿತು. ೧೯೪೦ರಲ್ಲಿ ಸಿದ್ಧವಾದ ಯೂಗೊಂಗನ ಚಿತ್ರ ನಾಲ್ಕು ಮೀಟರಿಗೂ ಮಿಕ್ಕ ಉದ್ದದ್ದು. ಅದನ್ನು ಕಾಗದದ ಮೇಲೆ ಚೀನೀ ಮಸಿ ಬಣ್ಣಗಳಲ್ಲಿ ಬರೆದನು, ತೈಲವರ್ಣದಲ್ಲಿಯೂ ಬರೆದನು. ಬರಿಮೈಯ ಆಳುಗಳು ಗುದ್ದಲಿಯನ್ನು ಮೇಲೆತ್ತಿದ್ದಾರೆ. ಬೆನ್ನು, ತೋಳು, ತೊಡೆಗಳ ಸ್ನಾಯುಗಳು ಬಿಗಿದಿವೆ. ಚೀನೀ ಚಿತ್ರಸಂಪ್ರದಾಯದಲ್ಲಿ ಇಂತಹ ಬರಿಮೈಗಳಿಗೆ ಸ್ಥಳವಿರಲಿಲ್ಲ. ಕಥೆ ಚೀನದ್ದು, ದೇಹದ ಅರಿವು ಯೂರೋಪಿನದು, ಮುಖಗಳಲ್ಲಿ ಕೆಲವು ಭಾರತದವು. ಆದರೂ ಚಿತ್ರ ಒಡೆದು ಕಾಣುವುದಿಲ್ಲ, ಏಕೆಂದರೆ ಬೆಟ್ಟವನ್ನು ಅಗೆಯುವವನ ಬೆವರು ಎಲ್ಲೆಡೆಯೂ ಒಂದೇ.

ಮರಳಿ ಮಲಯಾಕ್ಕೆ ಹೋಗಿ ೧೯೪೧ರಲ್ಲಿ ಪುನಃ ಪ್ರದರ್ಶನಗಳನ್ನು ನಡೆಸಿದನು. ಚಾಂಗ್‌ಶಾ ನಗರದ ಬಳಿ ಘೋರ ಕದನ ನಡೆಯುತ್ತಿದೆಯೆಂಬ ಸುದ್ದಿ ಬಂದ ದಿನಗಳಲ್ಲಿ ಪೆನಾಂಗಿನಲ್ಲಿ ಬರೆದ ಓಡುವ ಕುದುರೆ ಆತನ ಅತ್ಯಂತ ಪ್ರಸಿದ್ಧ ಕುದುರೆಗಳಲ್ಲಿ ಒಂದು. ಆ ಓಟದಲ್ಲಿ ಒಬ್ಬ ದೇಶಭಕ್ತನ ಕಳವಳವೇ ತುಂಬಿದೆ.

ಆತನ ಸಂಗ್ರಹದಲ್ಲಿ ಎಂಬತ್ತೇಳು ಅಮರರ ಸುರುಳಿ ಎಂಬ ಪ್ರಾಚೀನ ರೇಖಾಚಿತ್ರವಿತ್ತು. ಬಣ್ಣವೇ ಇಲ್ಲದೆ ಬರಿಯ ಗೆರೆಗಳಿಂದ ದೇವತೆಗಳ ಮೆರವಣಿಗೆಯನ್ನು ಕಂಡರಿಸಿದ ಆ ಸುರುಳಿಯನ್ನು ೧೯೩೭ರಲ್ಲಿ ಹಾಂಕಾಂಗಿನಲ್ಲಿ ಜರ್ಮನ್ ಮಹಿಳೆಯೊಬ್ಬಳಿಂದ ಹತ್ತು ಸಾವಿರ ಯುವಾನ್ ಹಣವನ್ನೂ ತನ್ನ ಏಳು ಚಿತ್ರಗಳನ್ನೂ ಕೊಟ್ಟು ಕೊಂಡು, ತನ್ನ ಜೀವವೆಂದೇ ಅರ್ಥ ಬರುವ ಮುದ್ರೆಯನ್ನು ಅದರ ಮೇಲೆ ಒತ್ತಿದ್ದನು. ೧೯೪೨ರಲ್ಲಿ ಕುನ್ಮಿಂಗಿನಲ್ಲಿ ವಿಮಾನದಾಳಿಯ ಗದ್ದಲದ ನಡುವೆ ಅದು ಕಳುವಾಯಿತು. ಆತನು ಹಾಸಿಗೆ ಹಿಡಿದನು. ಎರಡು ವರ್ಷಗಳ ಬಳಿಕ ಪತ್ತೆಯಾದಾಗ ಎರಡು ಲಕ್ಷ ಯುವಾನನ್ನೂ ಹತ್ತಕ್ಕೂ ಹೆಚ್ಚು ಚಿತ್ರಗಳನ್ನೂ ಕೊಟ್ಟು ಮತ್ತೆ ಕೊಂಡನು. ಕಳ್ಳನು ಆ ಮುದ್ರೆಯನ್ನು ಕೆರೆದು ಹಾಕಿದ್ದನು. ಗೆರೆಗಳು ಮಾತ್ರ ಹಾಗೆಯೇ ಇದ್ದುವು. ಪಶ್ಚಿಮದ ನೆರಳು ಬೆಳಕುಗಳನ್ನು ಕಲಿತುಬಂದವನಿಗೆ ತನ್ನ ಹಿರಿಯರ ಬರಿಯ ಗೆರೆಯ ಮೇಲೆ ಇದ್ದ ಮೋಹ ಇಂತಹುದು.

ಸಂಸಾರದಲ್ಲಿ ಆತನು ಸುಖವನ್ನು ಕಾಣಲಿಲ್ಲ, ಕೊಡಲೂ ಇಲ್ಲ. ಪ್ಯಾರಿಸಿನ ಹಸಿವಿನಲ್ಲಿ ಪಾಲುಗೊಂಡಿದ್ದ ಜ್ಯಾಂಗ್ ಬೀವೇಯೊಡನೆ ಸಂಬಂಧ ಕೆಟ್ಟು, ೧೯೩೮ರಲ್ಲಿ ಪತ್ರಿಕೆಯ ಪ್ರಕಟಣೆಯ ಮೂಲಕವೇ ಆಕೆಯಿಂದ ಬೇರೆಯಾದೆನೆಂದು ಸಾರಿದನು. ಅದು ಆತನ ಹಿರಿಮೆಗೆ ತಕ್ಕ ನಡತೆಯಾಗಿರಲಿಲ್ಲ. ೧೯೪೫ರ ಕೊನೆಗೆ ಕಾನೂನಿನಂತೆ ವಿಚ್ಛೇದನವಾದಾಗ ಹತ್ತು ಲಕ್ಷ ಯುವಾನ್ ಹಣದ ಜೊತೆಗೆ ತನ್ನ ನೂರು ಚಿತ್ರಗಳನ್ನು ಕೊಡಬೇಕಾಗಿ ಬಂದಿತು. ರಕ್ತದೊತ್ತಡದಿಂದ ನರಳುತ್ತಲೇ ರಾತ್ರಿಯೆಲ್ಲ ನಿಂತು ಅವನ್ನು ಬರೆದು ಮುಗಿಸಿದನು. ಮರುವರ್ಷ ಲ್ಯಾವ್ ಜಿಂಗ್‌ವೆನ್ ಎಂಬಾಕೆಯನ್ನು ಮದುವೆಯಾದನು. ಉಳಿದ ಆಯುಷ್ಯದಲ್ಲಿ ಆತನನ್ನು ನೋಡಿಕೊಂಡವಳು ಆಕೆ.

೧೯೪೬ರಲ್ಲಿ ಬೀಪಿಂಗಿನ ಕಲಾಶಾಲೆಯ ಅಧ್ಯಕ್ಷನಾದನು. ೧೯೫೦ರಲ್ಲಿ ಕೇಂದ್ರ ಲಲಿತಕಲಾ ಅಕಾಡೆಮಿಯ ಮೊದಲ ಅಧ್ಯಕ್ಷನಾದನು. ಇದ್ದಿಲಿನ ರೇಖಾಭ್ಯಾಸವೇ ಎಲ್ಲ ಚಿತ್ರಕಲೆಗೂ ತಳಹದಿಯೆಂಬ ಆತನ ನಿಯಮ ಅಲ್ಲಿ ಪಾಠಕ್ರಮವಾಯಿತು. ಮಸಿಯ ಚಿತ್ರವನ್ನು ಕಲಿಯುವವರಿಗೂ ಇದೇ ಕಟ್ಟಳೆಯಾದರೆ ಕುಂಚದ ಸ್ವಂತ ಧರ್ಮ ಸೊರಗುವುದೆಂದು ಆಕ್ಷೇಪಿಸಿದವರು ಆಗಲೂ ಇದ್ದರು, ಮುಂದೆಯೂ ಇದ್ದರು. ಆ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಗುರುವಿಗೆ ಜೀವನವೇ ಕಲಿಸಿದ ಸಮನ್ವಯವು ಶಿಷ್ಯರಿಗೆ ಬರಿಯ ನಿಯಮವಾಗಿ ಬಂದರೆ ಫಲ ಒಂದೇ ಆಗಿರಲಾರದು.

೧೯೫೧ರಲ್ಲಿ ಪಾರ್ಶ್ವವಾಯು ಬಡಿಯಿತು. ಸ್ವಲ್ಪ ಚೇತರಿಸಿಕೊಂಡು ಮತ್ತೆ ಕುಂಚ ಹಿಡಿದನು. ೧೯೫೩ರ ಸೆಪ್ಟೆಂಬರಿನಲ್ಲಿ, ಲೇಖಕರ ಮತ್ತು ಕಲಾವಿದರ ಮಹಾಸಭೆ ನಡೆಯುತ್ತಿದ್ದಾಗ, ರೋಗ ಮರುಕಳಿಸಿ ೨೬ನೆಯ ದಿನ ಪೀಕಿಂಗಿನಲ್ಲಿ ಕಣ್ಣು ಮುಚ್ಚಿದನು. ಆಗ ಆತನಿಗೆ ಐವತ್ತೆಂಟು ವರ್ಷ. ಪತ್ನಿ ಲ್ಯಾವ್ ಜಿಂಗ್‌ವೆನ್ ಆತನ ಸಾವಿರದ ಇನ್ನೂರಕ್ಕೂ ಹೆಚ್ಚು ಕೃತಿಗಳನ್ನೂ, ಆತನು ಹೊಟ್ಟೆ ಕಟ್ಟಿ ಕೂಡಿಸಿದ್ದ ಸಾವಿರಕ್ಕೂ ಮಿಕ್ಕ ಪ್ರಾಚೀನ ಮತ್ತು ಆಧುನಿಕ ಚಿತ್ರಗಳನ್ನೂ ರಾಷ್ಟ್ರಕ್ಕೆ ಒಪ್ಪಿಸಿದಳು. ಎಂಬತ್ತೇಳು ಅಮರರ ಸುರುಳಿಯೂ ಅವುಗಳಲ್ಲಿ ಸೇರಿತ್ತು. ೧೯೫೪ರಲ್ಲಿ ಆತನ ಮನೆಯಲ್ಲಿಯೇ ತೆರೆದ ಸ್ಮಾರಕ ಸಂಗ್ರಹಾಲಯವನ್ನು ಮುಂದೆ ಸುರಂಗ ರೈಲುಮಾರ್ಗಕ್ಕಾಗಿ ಕೆಡವಬೇಕಾಯಿತು. ೧೯೮೩ರಲ್ಲಿ ಅದೇ ನಗರದಲ್ಲಿ ಹೊಸ ಕಟ್ಟಡ ಬಾಗಿಲು ತೆರೆಯಿತು.

ಈ ಜೀವನದಿಂದ ನಾವು ತಿಳಿಯತಕ್ಕದ್ದೇನು? ಪಶ್ಚಿಮದ ತೈಲವನ್ನೂ ಪೂರ್ವದ ಮಸಿಯನ್ನೂ ಒಂದೇ ಬಟ್ಟಲಿನಲ್ಲಿ ಕಲಸಿದ್ದರಿಂದ ಶೂ ಬೇಹೊಂಗನ ಕಲೆ ಹುಟ್ಟಲಿಲ್ಲ. ಪರರಲ್ಲಿ ಆತನು ಕಲಿತದ್ದು ನೋಡುವ ಶಿಸ್ತು. ಹೇಳಬೇಕಾದ ಮಾತು ಮಾತ್ರ ತನ್ನ ಜನರದು. ಆ ಮಾತು ಎದೆಯಲ್ಲಿ ಇದ್ದುದರಿಂದಲೇ ಕಲಿತ ವಿದ್ಯೆ ಆತನನ್ನು ನುಂಗಲಿಲ್ಲ, ಆತನ ಕೈಯ ಸಾಧನವಾಯಿತು. ನಮ್ಮ ಮುಂದೆಯೂ ಪರಭಾಷೆ, ಪರವಿದ್ಯೆಗಳ ಬೆಟ್ಟಗಳಿವೆ. ಅವನ್ನು ಕಂಡು ಹೆದರಿ ಹಿಂದಿರುಗುವುದೂ ಬೇಡ, ಅವುಗಳ ನೆರಳಿನಲ್ಲಿ ನೆಲಸಿ ಮನೆಯನ್ನು ಮರೆಯುವುದೂ ಬೇಡ. ಯೂಗೊಂಗನಂತೆ ಗುದ್ದಲಿ ಹಿಡಿದು ತೊಡಗೋಣ. ದಾರಿ ನಮ್ಮ ಮನೆಗೇ ಬರಬೇಕು.